ಮಂಗಳವಾರದ ಮಿದುಳು, ಗುರುವಾರದ ಮಿದುಳು: ಒಬ್ಬರೇ ವ್ಯಕ್ತಿಯ ನೂರು ಸ್ಕ್ಯಾನ್‌ಗಳ ಪ್ರಕರಣ

ಮಿದುಳಿನ ಸಂಪರ್ಕಜಾಲದ ಬಗೆಗಿನ ಸಂಶೋಧನೆಗಳು ಬಹುಕಾಲ ಒಂದೇ ದಾರಿ ಹಿಡಿದಿದ್ದವು. ಹಲವರನ್ನು ಕರೆಯುವುದು, ಪ್ರತಿಯೊಬ್ಬರನ್ನೂ ಒಂದು ಸಲ ಐದೋ ಹತ್ತೋ ನಿಮಿಷ ಸ್ಕ್ಯಾನರ್‌ನಲ್ಲಿ ಮಲಗಿಸುವುದು, ಎಲ್ಲರ ಸರಾಸರಿ ತೆಗೆಯುವುದು. ಅದೇ ವ್ಯಕ್ತಿ ನಾಡಿದ್ದು ಮತ್ತೆ ಬಂದು ಮಲಗಿದರೆ ಅದೇ ಜಾಲ ಕಾಣುತ್ತದೆಯೇ ಎಂದು ಕೇಳಿದವರು ಕಡಿಮೆ. ಕೇಳಿದವರ ಬಳಿಯೂ ಉತ್ತರಿಸುವಷ್ಟು ದತ್ತಾಂಶ ಇರಲಿಲ್ಲ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದ್ದ ನರವಿಜ್ಞಾನಿ ರಸೆಲ್ ಪೋಲ್ಡ್ರಾಕ್ 2012ರಲ್ಲಿ ಈ ಪ್ರಶ್ನೆಗೆ ತಮ್ಮನ್ನೇ ಒಡ್ಡಿಕೊಂಡರು. ಸುಮಾರು ಹದಿನೆಂಟು ತಿಂಗಳು, ನೂರಕ್ಕೂ ಹೆಚ್ಚು ಸೆಷನ್. ‘ಮೈಕನೆಕ್ಟೋಮ್’ ಎಂಬ ಈ ಯೋಜನೆಯ ಮುಖ್ಯ ಲೇಖನಗಳು 2015ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಮತ್ತು ‘ನ್ಯೂರಾನ್’ ಪತ್ರಿಕೆಗಳಲ್ಲಿ ಬಂದವು. ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮುಕ್ತವಾಗಿಟ್ಟರು.

ಈ ಯೋಜನೆಯಲ್ಲಿ ರಕ್ತದ ಜೀನ್ ಅಭಿವ್ಯಕ್ತಿ, ಆಹಾರ, ಮನಃಸ್ಥಿತಿ, ಪೋಲ್ಡ್ರಾಕ್ ಅವರ ಸೋರಿಯಾಸಿಸ್ ಎಂಬ ಚರ್ಮರೋಗದ ಏರಿಳಿತ, ಎಲ್ಲವೂ ದಾಖಲಾಗಿವೆ. ಅದನ್ನೆಲ್ಲ ಬದಿಗಿಟ್ಟು ಇಲ್ಲಿ ಒಂದೇ ಎಳೆಯನ್ನು ಹಿಡಿಯುತ್ತೇನೆ: ಹಲವು ಸೆಷನ್‌ಗಳ ಸಂಪರ್ಕ ದತ್ತಾಂಶ ಕೈಯಲ್ಲಿರುವಾಗ ಲೆಕ್ಕದ ಘಟಕ ಯಾವುದು (ಒಂದು ಚಿತ್ರವೋ, ಒಂದು ಸೆಷನ್ನೋ), ಎರಡು ಬಗೆಯ ದಿನಗಳ ನಡುವೆ ಕಂಡ ವ್ಯತ್ಯಾಸ ಯಾವುದರದ್ದು? ಯೋಜನೆಯ ಅತಿ ಜನಪ್ರಿಯ ಫಲಿತಾಂಶ ಕಾಫಿಯದ್ದು. ನನ್ನ ಮಟ್ಟಿಗೆ ಈ ಪ್ರಶ್ನೆಯ ಅತ್ಯುತ್ತಮ ಪರೀಕ್ಷೆಯೂ ಅದೇ.

ಅಳೆದದ್ದು ಏನನ್ನು

ಈ ಸ್ಕ್ಯಾನ್‌ಗಳಲ್ಲಿ ಬಳಸುವ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯನ್ನು ಕಾಂತಕ್ಷೇತ್ರದಿಂದ ಅಳೆಯುವ ತಂತ್ರ) ನೇರವಾಗಿ ನರಕೋಶಗಳನ್ನು ನೋಡುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಮಟ್ಟ ಬದಲಾದಾಗ ಕಾಂತೀಯ ಸಂಕೇತ ಕೊಂಚ ಅಲುಗುತ್ತದೆ. ಅದೇ ಬೋಲ್ಡ್ ಸಂಕೇತ. ಏನೂ ಕೆಲಸವಿಲ್ಲದೆ ಮಲಗಿರುವಾಗಲೂ ಎಡ ಮತ್ತು ಬಲ ಚಾಲಕ ಪ್ರದೇಶಗಳ (ಚಲನೆಯನ್ನು ನಿಯಂತ್ರಿಸುವ ಭಾಗಗಳ) ಸಂಕೇತಗಳು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಭರತ್ ಬಿಸ್ವಾಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ ಮೇಲೆ, ಎರಡು ಪ್ರದೇಶಗಳ ಕಾಲಶ್ರೇಣಿಗಳ (ಹೊತ್ತಿನೊಂದಿಗೆ ಸಂಕೇತ ಏರಿಳಿದ ದಾಖಲೆಗಳ) ಸಹಸಂಬಂಧವನ್ನೇ, ಅಂದರೆ ಅವು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆಯನ್ನೇ, ‘ಕ್ರಿಯಾತ್ಮಕ ಸಂಪರ್ಕ’ ಎಂದು ಕರೆಯುವ ರೂಢಿ ಬಂತು. ಅಲ್ಲಿರುವುದು ತಂತಿಯಲ್ಲ, ಒಂದು ಸಂಖ್ಯೆ. ಇದನ್ನು ಮರೆತಾಗಲೇ ಮುಂದಿನ ಗೊಂದಲಗಳೆಲ್ಲ ಹುಟ್ಟುತ್ತವೆ.

ಪೋಲ್ಡ್ರಾಕ್ ಪ್ರತಿ ವಿಶ್ರಾಂತ ಸ್ಕ್ಯಾನ್‌ನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗುತ್ತಿದ್ದರು. 1.16 ಸೆಕೆಂಡಿಗೊಂದು ಚಿತ್ರ, ಅಂದರೆ ಸೆಷನ್ನಿಗೆ ಐನೂರಕ್ಕಿಂತ ಸ್ವಲ್ಪ ಹೆಚ್ಚು ಚಿತ್ರಗಳು. ತಲೆಯ ಅಲುಗಾಟ ಮತ್ತಿತರ ಸೋಸುವಿಕೆಯ ನಂತರ ಮುಖ್ಯ ವಿಶ್ಲೇಷಣೆಗೆ ಉಳಿದದ್ದು 84 ಸೆಷನ್. ಇಡೀ ಮಿದುಳನ್ನು 630 ತುಂಡುಗಳಾಗಿ ವಿಂಗಡಿಸಲಾಗಿತ್ತು. ಜೋಡಿಗಳ ಲೆಕ್ಕ ಹಾಕಿದರೆ 1,98,135 ಸಂಪರ್ಕಗಳು, ಪ್ರತಿ ಸೆಷನ್ನಿಗೂ. ಏನೂ ವ್ಯತ್ಯಾಸವಿಲ್ಲದಿದ್ದರೂ ಶೇ 5ರ ಮಿತಿಯಲ್ಲಿ ಅವುಗಳಲ್ಲಿ ಸುಮಾರು 9,900 ‘ಮಹತ್ವದ’ ವ್ಯತ್ಯಾಸಗಳು ತಾವಾಗಿಯೇ ಉದುರುತ್ತವೆ. ಆದ್ದರಿಂದ ಇಂಥ ಆಕಸ್ಮಿಕಗಳನ್ನು ತಡೆಯಲು ಮಿತಿಯನ್ನು ಬಿಗಿಗೊಳಿಸುವ ಬಹುಪರೀಕ್ಷೆಯ ತಿದ್ದುಪಡಿ ಅನಿವಾರ್ಯ. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಇಲ್ಲಿ ಬೆಳೆಸುವುದಿಲ್ಲ.

ಜೋಡಿಸಿದರೆ ಏನಾಗುತ್ತದೆ

ಹಲವು ಸೆಷನ್‌ಗಳು ಸಿಕ್ಕ ತಕ್ಷಣ ಬರುವ ಮೊದಲ ಯೋಚನೆ, ಎಲ್ಲವನ್ನೂ ಒಂದರ ಹಿಂದೆ ಒಂದು ಅಂಟಿಸಿ ಒಂದೇ ಉದ್ದದ ಕಾಲಶ್ರೇಣಿ ಮಾಡಿಕೊಳ್ಳೋಣ ಎಂಬುದು. ವ್ಯಕ್ತಿಯ ಸ್ಥಿರವಾದ ನಕ್ಷೆ ಬಿಡಿಸಲು ಇದು ತಪ್ಪಲ್ಲ. ಟಿಮಥಿ ಲೌಮನ್ ಮತ್ತು ಸಂಗಡಿಗರು 2015ರ ನ್ಯೂರಾನ್ ಲೇಖನದಲ್ಲಿ ಇದೇ ದತ್ತಾಂಶವನ್ನು ಒಟ್ಟುಗೂಡಿಸಿ, ಒಬ್ಬನೇ ವ್ಯಕ್ತಿಯ ಮಿದುಳಿನ ವ್ಯವಸ್ಥೆಯನ್ನು ಗುಂಪಿನ ಸರಾಸರಿಯಲ್ಲಿ ಕಾಣದಷ್ಟು ಸೂಕ್ಷ್ಮವಾಗಿ ಬಿಡಿಸಿದರು. ಆದರೆ ಅಂಟಿಸುವ ಮೊದಲು ಮಾಡಬೇಕಾದ ಕೆಲಸ ಬಿಟ್ಟರೆ ಇಲ್ಲದ ಸಂಪರ್ಕ ಹುಟ್ಟಿಕೊಳ್ಳುತ್ತದೆ.

ಉದಾಹರಣೆಗೆ ಎರಡು ಪ್ರದೇಶಗಳು, ಎರಡು ಸೆಷನ್. ಪ್ರತಿ ಸೆಷನ್ನಿನೊಳಗೆ ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ, ಸಹಸಂಬಂಧ ಸೊನ್ನೆ. ಏರಿಳಿತದ ಮಾನಕ ವಿಚಲನೆ (ಸರಾಸರಿಯ ಸುತ್ತ ಹರಡಿಕೆಯ ಅಳತೆ) 1. ಸ್ಕ್ಯಾನರ್‌ನ ಸ್ಥಿತಿಯಿಂದಲೋ ತಲೆ ಇಟ್ಟ ಜಾಗದಿಂದಲೋ ಒಂದು ದಿನ ಎರಡೂ ಪ್ರದೇಶಗಳ ಸರಾಸರಿ 1 ಹೆಚ್ಚು, ಇನ್ನೊಂದು ದಿನ ಎರಡೂ 1 ಕಡಿಮೆ ಎಂದುಕೊಳ್ಳಿ. ಹಾಗೆಯೇ ಅಂಟಿಸಿದರೆ ಪ್ರತಿ ಪ್ರದೇಶದ ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) 2, ಅವುಗಳ ಕೋವೇರಿಯನ್ಸ್ (ಎರಡೂ ಜೊತೆಯಾಗಿ ಬದಲಾಗುವ ಪ್ರಮಾಣ) 1. ಸಹಸಂಬಂಧ 0.5! ಪ್ರಕಟಿಸಿ ಹೆಮ್ಮೆಪಡುವಷ್ಟು ದೊಡ್ಡ ಸಂಖ್ಯೆ, ಒಳಗೆ ಏನೂ ಇಲ್ಲ. ಹಾಗಾಗಿ ಪ್ರತಿ ಸೆಷನ್ನಿನ ಸರಾಸರಿಯನ್ನು ಆಯಾ ಸೆಷನ್ನಿನಲ್ಲೇ ಕಳೆಯಬೇಕು, ಏರಿಳಿತದ ಗಾತ್ರವನ್ನು ಸಮ ಮಾಡಬೇಕು, ಬೇಡದ ವೇಗದ ಏರಿಳಿತಗಳನ್ನು ಸೋಸುವ ಆವರ್ತನ ಶೋಧಕವನ್ನು ಪ್ರತ್ಯೇಕವಾಗಿ ಹಾಯಿಸಬೇಕು. ಅಂಟಿಸಿದ ಮೇಲೆ ಶೋಧಿಸಿದರೆ ಸೋಮವಾರದ ಕೊನೆಯ ಸೆಕೆಂಡು ಬುಧವಾರದ ಮೊದಲ ಸೆಕೆಂಡಿಗೆ ಸೋರುತ್ತದೆ. ತಲೆಯ ಅಲುಗಾಟದ ತಿದ್ದುಪಡಿಯೂ ಸೆಷನ್ನಿಗೊಂದು ಪ್ರತ್ಯೇಕ ಮಾದರಿಯಾಗಿರಬೇಕು. ಈಗಿನ ಸಂಪರ್ಕ ವಿಶ್ಲೇಷಣೆಯ ಸಾಫ್ಟ್‌ವೇರ್‌ಗಳಲ್ಲಿ ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ನಡೆಯುತ್ತವೆ. ಆದರೆ ದತ್ತಾಂಶವನ್ನು ಸೆಷನ್‌ಗಳೆಂದು ಘೋಷಿಸಿ ಒಳಗೆ ಕೊಟ್ಟಾಗ ಮಾತ್ರ. ಮೊದಲೇ ಒಂದೇ ಕಡತವಾಗಿ ಅಂಟಿಸಿ ಕೊಟ್ಟರೆ ಗಡಿ ಎಲ್ಲಿದೆ ಎಂದು ಅದಕ್ಕೆ ತಿಳಿಯುವ ಬಗೆ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಅಂಟಿಸಿದ ಶ್ರೇಣಿಯ ಉದ್ದವನ್ನೇ ಮಾದರಿಯ ಗಾತ್ರವೆಂದು ಭಾವಿಸುವುದು. 84 ಸೆಷನ್ ಎಂದರೆ ನಲವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು. ಅಷ್ಟನ್ನೂ ಸ್ವತಂತ್ರ ಅಳತೆಗಳೆಂದು ಎಣಿಸಿದರೆ ಎಂಥ ಕ್ಷುಲ್ಲಕ ವ್ಯತ್ಯಾಸವೂ ಮಹತ್ವದ್ದಾಗಿ ಕಾಣುತ್ತದೆ. ಒಂದೇ ಸೆಷನ್ನಿನ ಲೆಕ್ಕ ನೋಡಿ. ಬೋಲ್ಡ್ ಸಂಕೇತ ನಿಧಾನದ್ದು. ರೂಢಿಯ ಶೋಧಕ ಸುಮಾರು 0.07 ಹರ್ಟ್ಸ್ ಅಗಲದ ಪಟ್ಟಿಯನ್ನಷ್ಟೇ ಉಳಿಸುತ್ತದೆ. 600 ಸೆಕೆಂಡುಗಳಲ್ಲಿ ಅಷ್ಟು ಅಗಲದ ಪಟ್ಟಿ ಹೊರುವ ಸ್ವತಂತ್ರ ಮಾಹಿತಿ, ಒಳ್ಳೆಯ ಪರಿಸ್ಥಿತಿಯಲ್ಲೂ, 2 × 0.07 × 600 = 84 ಬಿಂದುಗಳು. ಸೆಷನ್‌ಗಳ ಸಂಖ್ಯೆಯೂ 84 ಆಗಿರುವುದು ಆಕಸ್ಮಿಕ. ಐನೂರು ಚಿತ್ರಗಳು ಎಂಬತ್ತಕ್ಕೆ ಇಳಿದವು. ಫಿಶರ್ ಪರಿವರ್ತನೆಯ (ಸಹಸಂಬಂಧವನ್ನು ಹೋಲಿಕೆಗೆ ಅನುಕೂಲವಾದ ಅಳತೆಗೆ ಬದಲಿಸುವ ಸೂತ್ರದ) ನಂತರ ಒಂದು ಸೆಷನ್ನಿನ ಸಹಸಂಬಂಧದ ಮಾನಕ ದೋಷ (ಅಂದಾಜಿನ ಅನಿಶ್ಚಯದ ಅಳತೆ), 84ರಲ್ಲಿ 3 ಕಳೆದು, 1/√81, ಅಂದರೆ ಸುಮಾರು 0.11.

ಈಗ ಯಾರೋ ಬಂದು, ಈ ಜೋಡಿಯ ಸಹಸಂಬಂಧ ಮಂಗಳವಾರ 0.55 ಇತ್ತು, ಗುರುವಾರ 0.40ಕ್ಕೆ ಇಳಿಯಿತು ಎನ್ನುತ್ತಾರೆ. ಪರಿವರ್ತಿತ ಅಳತೆಯಲ್ಲಿ ಅಂತರ 0.195. ಎರಡು ಸೆಷನ್‌ಗಳ ಅಂತರದ ಮಾನಕ ದೋಷ 0.157. ಮಾನಕ ದೋಷದ ಒಂದೂಕಾಲು ಪಟ್ಟೂ ಆಗಲಿಲ್ಲ. ಇದು ಸುದ್ದಿಯೇ ಅಲ್ಲ. ಇದೇ ಅಂತರ ಮೂವತ್ತು ಮಂಗಳವಾರಗಳ ಮತ್ತು ಮೂವತ್ತು ಗುರುವಾರಗಳ ಸರಾಸರಿಗಳ ನಡುವೆ ಕಂಡರೆ ಮಾತ್ರ ಎದ್ದು ಕೂರಬೇಕು.

ದಿನದಿಂದ ದಿನಕ್ಕೆ ಕಾಣುವ ಅಲುಗಾಟವನ್ನೂ ಹೀಗೆಯೇ ಜರಡಿ ಹಿಡಿಯಬೇಕು. ಒಂದು ಜೋಡಿಯ ಪರಿವರ್ತಿತ ಮೌಲ್ಯ ಸೆಷನ್‌ಗಳ ನಡುವೆ 0.15ರ ಮಾನಕ ವಿಚಲನೆಯಲ್ಲಿ ಅಲುಗುತ್ತಿದೆ ಎಂದುಕೊಂಡರೆ, ವೇರಿಯನ್ಸ್ 0.0225. ಅದರಲ್ಲಿ 0.0123 ಹತ್ತೇ ನಿಮಿಷ ಅಳೆದ ಕಾರಣಕ್ಕೆ ಬಂದ ಅನಿಶ್ಚಯ. ಮಿದುಳಿನದ್ದು ಎನ್ನಬಹುದಾದ ಪಾಲು ಅರ್ಧಕ್ಕಿಂತ ಕಡಿಮೆ, ಅದರೊಳಗೂ ಅಲುಗಾಟ, ಉಸಿರು, ನಿದ್ದೆ ಎಲ್ಲ ಸೇರಿವೆ. ಒಂದೊಂದು ಸಂಪರ್ಕವನ್ನು ಪ್ರತ್ಯೇಕವಾಗಿ ನಂಬುವುದು ಎಷ್ಟು ಕಷ್ಟವೆಂಬುದಕ್ಕೆ 2019ರಲ್ಲಿ ಸ್ಟೆಫನಿ ನೋಬಲ್ ಮತ್ತು ಸಂಗಡಿಗರು ಮಾಡಿದ ಸಮಗ್ರ ವಿಶ್ಲೇಷಣೆ ಸಾಕ್ಷಿ: ಮರುಪರೀಕ್ಷೆಯಲ್ಲಿ ಒಂದು ಸಂಪರ್ಕದ ವಿಶ್ವಾಸಾರ್ಹತೆಯ ಗುಣಾಂಕ (1 ಎಂದರೆ ಪೂರ್ಣ ವಿಶ್ವಾಸಾರ್ಹ) ಸರಾಸರಿ 0.29. ಹಾಗೆಂದು ಇಡೀ ವಿಧಾನವೇ ಟೊಳ್ಳು ಎನ್ನುವಂತಿಲ್ಲ. ಎಮಿಲಿ ಫಿನ್ ಮತ್ತು ಸಂಗಡಿಗರು 2015ರಲ್ಲಿ 126 ಜನರ ಎರಡು ದಿನಗಳ ಸ್ಕ್ಯಾನ್ ತೆಗೆದುಕೊಂಡು, ಒಂದು ದಿನದ ಇಡೀ ಜಾಲದಿಂದ ಇನ್ನೊಂದು ದಿನದ ಅದೇ ವ್ಯಕ್ತಿಯನ್ನು ಶೇ 90ಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದರು. ಸಾವಿರಾರು ದುರ್ಬಲ ಅಳತೆಗಳು ಸೇರಿದರೆ ಚಹರೆ ಸ್ಪಷ್ಟವಾಗುತ್ತದೆ. ಬಿಡಿಬಿಡಿಯಾಗಿ ಅವು ದುರ್ಬಲವೇ.

ಕಾಫಿಯ ದಿನ

ಈಗ ಪ್ರಕರಣದ ನಡುಮನೆಗೆ. ಪೋಲ್ಡ್ರಾಕ್ ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಏಳೂವರೆಗೆ ಸ್ಕ್ಯಾನ್ ಆಗುತ್ತಿದ್ದರು. ಮಂಗಳವಾರ ಸ್ಕ್ಯಾನ್ ಮುಗಿದ ಮೇಲೆ ರಕ್ತ ತೆಗೆಯುವುದಿತ್ತು, ಹಾಗಾಗಿ ಆ ದಿನ ಖಾಲಿ ಹೊಟ್ಟೆ, ಕಾಫಿಯೂ ಇಲ್ಲ. ಗುರುವಾರ ತಿಂಡಿಯೂ ಕಾಫಿಯೂ ಆಗಿರುತ್ತಿತ್ತು. ಎರಡು ಬಗೆಯ ದಿನಗಳ ಜಾಲಗಳನ್ನು ಹೋಲಿಸಿದಾಗ ಅಂತರ ಎದ್ದು ಕಂಡಿತು. ಉಪವಾಸದ ದಿನ ದೇಹಸಂವೇದನೆ ಮತ್ತು ಚಲನೆಯ ಜಾಲ, ದೃಷ್ಟಿಯ ಮೇಲುಸ್ತರದ ಜಾಲಗಳ ಜೊತೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿತ್ತು.

ಮಾಧ್ಯಮಗಳು ಇದನ್ನು ಕಾಫಿ ಮಿದುಳನ್ನು ಬದಲಿಸುತ್ತದೆ ಎಂದು ಹೇಳಿ ಮುಗಿಸಿದವು. ಲೇಖನ ಬರೆದವರು ಎಚ್ಚರದಿಂದಲೇ ಇದ್ದರು, ಉಪವಾಸ ಮತ್ತು ಕೆಫೀನ್ ಎರಡನ್ನೂ ಜೋಡಿಯಾಗಿಯೇ ಹೆಸರಿಸಿದರು. ವಿಶ್ಲೇಷಕನ ಕಣ್ಣಿಗೆ ಇಲ್ಲಿ ಎರಡಕ್ಕಿಂತ ಹೆಚ್ಚು ಸಂಗತಿಗಳು ಕಟ್ಟಿಹಾಕಿಕೊಂಡಿವೆ. ಊಟ, ಕಾಫಿ, ವಾರದ ದಿನ. ಜೊತೆಗೆ ಸ್ವಲ್ಪ ಹೊತ್ತಿನಲ್ಲಿ ಸೂಜಿ ಚುಚ್ಚಿಸಿಕೊಳ್ಳಲಿದ್ದೇನೆ ಎಂಬ ಅರಿವು. ಈ ನಾಲ್ಕೂ ಸದಾ ಒಟ್ಟಿಗೇ ಬದಲಾಗುತ್ತಿದ್ದವು. ಮಂಗಳವಾರ ಕಾಫಿ ಕುಡಿದ ಸೆಷನ್ ಒಂದೂ ಇಲ್ಲದಿದ್ದರೆ, ಇನ್ನೂರು ಸೆಷನ್ ಸೇರಿಸಿದರೂ ಯಾವ ಗಣಿತವೂ ಕಾಫಿಯನ್ನು ಉಪವಾಸದಿಂದ ಬಿಡಿಸಿಕೊಡಲಾರದು. ಸೆಷನ್‌ಗಳ ಸಂಖ್ಯೆ ಹೆಚ್ಚಿದಂತೆ ಅಂತರದ ಅಂದಾಜು ನಿಖರವಾಗುತ್ತದೆ, ಅದರ ಕಾರಣ ಮಾತ್ರ ಇದ್ದಷ್ಟೇ ಮಸುಕು. ಹಲವು ಸೆಷನ್‌ಗಳ ಅಧ್ಯಯನ ಮಾಡುವವರು ಮೊದಲು ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು ಈ ಕೋಷ್ಟಕವನ್ನು: ಯಾವ ಸೆಷನ್ನಿನಲ್ಲಿ ಯಾವುದು ಯಾವುದರ ಜೊತೆ ಬದಲಾಯಿತು. ಸಾಫ್ಟ್‌ವೇರ್ ಆಯ್ಕೆಯ ಚರ್ಚೆ ಆಮೇಲೆ.

ಕಾಫಿಯನ್ನೇ ಹಿಡಿದರೂ ಅದು ಎರಡು ಬಾಗಿಲಿನಿಂದ ಒಳಬರುತ್ತದೆ. ಕೆಫೀನ್, ತೂಕಡಿಕೆ ತರುವ ರಾಸಾಯನಿಕವಾದ ಅಡೆನೋಸಿನ್‌ನ ಗ್ರಾಹಕಗಳನ್ನು ತಡೆಯುತ್ತದೆ. ಅದರಿಂದ ಎಚ್ಚರ ಹೆಚ್ಚುತ್ತದೆ, ಅದೇ ಹೊತ್ತಿಗೆ ಮಿದುಳಿನ ರಕ್ತನಾಳಗಳು ಕುಗ್ಗಿ ರಕ್ತದ ಹರಿವು ಶೇ 20ರಿಂದ 30ರಷ್ಟು ಇಳಿಯುತ್ತದೆ. ಬೋಲ್ಡ್ ಸಂಕೇತ ರಕ್ತದಿಂದಲೇ ಹುಟ್ಟುವುದರಿಂದ, ನರಕೋಶಗಳ ಮಾತುಕತೆ ಎಳ್ಳಷ್ಟೂ ಬದಲಾಗದೆ ಸಹಸಂಬಂಧ ಬದಲಾಗಬಹುದು. 2009ರಲ್ಲೇ ಒಂದು ಅಧ್ಯಯನ 200 ಮಿಲಿಗ್ರಾಂ ಕೆಫೀನಿನ ನಂತರ ಚಾಲಕ ಪ್ರದೇಶಗಳ ವಿಶ್ರಾಂತ ಸಂಪರ್ಕ ತಗ್ಗುವುದನ್ನು ತೋರಿಸಿತ್ತು. ಮೈಕನೆಕ್ಟೋಮ್‌ನ ಫಲಿತಾಂಶ ಅದೇ ದಿಕ್ಕಿನದು. ದಿಕ್ಕು ಹೊಂದಿದೆ ಎಂಬುದು ಸಮಾಧಾನ. ಯಾವ ಬಾಗಿಲು ಎಂಬುದು ಅದರಿಂದಲೂ ತಿಳಿಯುವುದಿಲ್ಲ.

ನನಗೆ ಇವೆರಡಕ್ಕಿಂತ ಹೆಚ್ಚು ಅನುಮಾನ ನಿದ್ದೆಯ ಮೇಲೆ. ಬೆಳಿಗ್ಗೆ ಏಳೂವರೆ, ಕಾಫಿ ಇಲ್ಲ, ಕಣ್ಣು ಮುಚ್ಚಿದೆ, ಹತ್ತು ನಿಮಿಷ ಏಕತಾನದ ಸದ್ದು. ಎನ್ಸೊ ಟಾಲಿಯಾಜುಕಿ ಮತ್ತು ಹೆಲ್ಮುಟ್ ಲೌಫ್ಸ್ 2014ರಲ್ಲಿ ತೋರಿಸಿದಂತೆ, ವಿಶ್ರಾಂತ ಸ್ಕ್ಯಾನ್‌ಗೆ ಮಲಗಿದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಮೂರು ನಿಮಿಷದೊಳಗೆ ಎಚ್ಚರ ತಪ್ಪುತ್ತಾರೆ. ತೂಕಡಿಕೆಯಲ್ಲಿ ಸಂವೇದನೆ ಮತ್ತು ಚಲನೆಯ ಪ್ರದೇಶಗಳ ಸಂಪರ್ಕ ಏರುತ್ತದೆ. ಮಂಗಳವಾರಗಳಲ್ಲಿ ಬಿಗಿಯಾದದ್ದೂ ಅದೇ ಪ್ರದೇಶಗಳು! ಲೌಮನ್ ಮತ್ತು ಸಂಗಡಿಗರೇ 2017ರಲ್ಲಿ ಪೋಲ್ಡ್ರಾಕ್ ಅವರ ದತ್ತಾಂಶಕ್ಕೆ ಮರಳಿದರು. ಒಂದೇ ಸೆಷನ್ನಿನೊಳಗೆ ಸಂಪರ್ಕ ನಿಮಿಷ ನಿಮಿಷಕ್ಕೂ ಬದಲಾಗುವಂತೆ ಕಾಣುವುದರ ಬಹುಪಾಲನ್ನು ಮಾದರಿಯ ಚಿಕ್ಕತನ, ತಲೆಯ ಅಲುಗಾಟ ಮತ್ತು ನಿದ್ದೆಯ ಏರಿಳಿತಗಳೇ ವಿವರಿಸುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಅದು ಸೆಷನ್ನಿನೊಳಗಿನ ಮಾತು ನಿಜ. ಸೆಷನ್‌ಗಳ ನಡುವೆ ಅದೇ ಮೂರು ಸಂಗತಿಗಳು ಸುಮ್ಮನಾಗುತ್ತವೆ ಎನ್ನಲು ಕಾರಣ ನನಗೆ ಕಾಣುವುದಿಲ್ಲ.

ತಲೆಯ ಅಲುಗಾಟದ ಮೇಲೂ ಕಣ್ಣಿಡಬೇಕು. ಮಿಲಿಮೀಟರಿನ ಭಿನ್ನಾಂಶದಷ್ಟು ಅಲುಗಿದರೂ ಹತ್ತಿರದ ಪ್ರದೇಶಗಳ ಸಹಸಂಬಂಧ ಉಬ್ಬುತ್ತದೆ, ದೂರದವುಗಳದ್ದು ಕುಗ್ಗುತ್ತದೆ ಎಂದು ಜೊನಾಥನ್ ಪವರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದರು. ಕಾಫಿ ಕುಡಿದವನು ಹೆಚ್ಚು ಅಲುಗುತ್ತಾನೋ ಕಡಿಮೆಯೋ ಎಂಬುದನ್ನು ಊಹಿಸಬೇಕಿಲ್ಲ. ಪ್ರತಿ ಸೆಷನ್ನಿನ ಸರಾಸರಿ ಅಲುಗಾಟ ದತ್ತಾಂಶದಲ್ಲೇ ಇದೆ. ಎರಡು ಬಗೆಯ ದಿನಗಳ ನಡುವೆ ಅದನ್ನು ಹೋಲಿಸುವುದು ಐದು ನಿಮಿಷದ ಕೆಲಸ.

ಹದಿನೆಂಟು ತಿಂಗಳಲ್ಲಿ ಯಂತ್ರವೂ ಒಂದೇ ರೀತಿ ಉಳಿಯಲಿಲ್ಲ. ಆರಂಭದ ತಿಂಗಳುಗಳಲ್ಲೇ ಸ್ಕ್ಯಾನ್ ಅನುಕ್ರಮದ ನವೀಕರಣವಾಗಿ ಸ್ಲೈಸ್‌ಗಳ (ಮಿದುಳಿನ ಪದರ ಚಿತ್ರಗಳ) ಸಂಖ್ಯೆ 64ರಿಂದ 68ಕ್ಕೆ ಏರಿತು. ಇಂಥ ನಿಧಾನ ಅಥವಾ ಹಠಾತ್ ಬದಲಾವಣೆಗಳಿಂದಾಗಿ ಅಕ್ಕಪಕ್ಕದ ವಾರಗಳ ಸೆಷನ್‌ಗಳು ಒಂದನ್ನೊಂದು ಹೋಲುತ್ತವೆ, ಆದ್ದರಿಂದ 84 ಸೆಷನ್‌ಗಳು 84 ಸ್ವತಂತ್ರ ಅಳತೆಗಳೂ ಅಲ್ಲ. ಜೀನ್ ಅಭಿವ್ಯಕ್ತಿ ಮತ್ತಿತರ ಅಳತೆಗಳ ಜೊತೆಗಿನ ಸಂಬಂಧ ಹುಡುಕುವಾಗ ಪೋಲ್ಡ್ರಾಕ್ ತಂಡ ಹಿಂದಿನ ಮೌಲ್ಯಗಳ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅರಿಮಾ ಮಾದರಿಗಳನ್ನು ಬಳಸಿದ್ದು ಇದೇ ಕಾರಣಕ್ಕೆ. ಮಂಗಳವಾರ–ಗುರುವಾರದ ಹೋಲಿಕೆಗೆ ನಾನಾದರೆ ಇನ್ನೂ ಸರಳ ದಾರಿ ಹಿಡಿಯುತ್ತೇನೆ. ಎರಡೂ ಸ್ಕ್ಯಾನ್‌ಗಳಿರುವ ವಾರಗಳನ್ನು ಆರಿಸಿ, ಪ್ರತಿ ವಾರ ಒಂದು ವ್ಯತ್ಯಾಸ ತೆಗೆಯುವುದು. ತಿಂಗಳುಗಟ್ಟಲೆಯ ಜಾರುವಿಕೆ ಎರಡೂ ಬದಿಯಲ್ಲಿ ಸಮನಾಗಿದ್ದು ವ್ಯತ್ಯಾಸದಲ್ಲಿ ಹೊರಟುಹೋಗುತ್ತದೆ. ಮಹತ್ವವನ್ನು ಪರೀಕ್ಷಿಸಲು ಪ್ರತಿ ವಾರದೊಳಗೆ ಮಂಗಳ, ಗುರು ಎಂಬ ಹಣೆಪಟ್ಟಿಯನ್ನು ಯಾದೃಚ್ಛಿಕವಾಗಿ ಅದಲು ಬದಲು ಮಾಡಿ, ಇಡೀ ಲೆಕ್ಕವನ್ನು ಸಾವಿರಾರು ಸಲ ಮರಳಿ ಮಾಡುವುದು. ಕೆಲವು ಸೆಷನ್‌ಗಳು ಕೈಬಿಟ್ಟುಹೋಗುತ್ತವೆ, ಹೋಗಲಿ.

ಯಾವುದು ಅಲುಗುತ್ತದೆ, ಯಾವುದು ಅಲುಗುವುದಿಲ್ಲ

ಕಾಫಿಗಿಂತ ಕಡಿಮೆ ಪ್ರಚಾರ ಸಿಕ್ಕ, ಆದರೆ ನನ್ನ ಲೆಕ್ಕದಲ್ಲಿ ಹೆಚ್ಚು ಬಾಳುವ ಫಲಿತಾಂಶ ಇನ್ನೊಂದಿದೆ. ಒಬ್ಬರಿಂದ ಒಬ್ಬರಿಗೆ ಹೆಚ್ಚು ಭಿನ್ನವಾಗಿರುವುದು ಮುಂಭಾಗ ಮತ್ತು ಪಾರ್ಶ್ವದ ಉನ್ನತ ಚಿಂತನೆಯ ಜಾಲಗಳು. ಆದರೆ ಒಬ್ಬರೇ ವ್ಯಕ್ತಿಯಲ್ಲಿ ದಿನದಿಂದ ದಿನಕ್ಕೆ ಹೆಚ್ಚು ಅಲುಗಿದ್ದು ದೃಷ್ಟಿ, ಸಂವೇದನೆ, ಚಲನೆಗಳ ಜಾಲಗಳು. ಎರಡು ನಕ್ಷೆಗಳೂ ಬೇರೆ ಬೇರೆ. ಇದರ ಪರಿಣಾಮ ವಿಧಾನಕ್ಕೆ ನೇರವಾಗಿ ತಟ್ಟುತ್ತದೆ: ಜನರ ನಡುವಿನ ವ್ಯತ್ಯಾಸದಿಂದ ಕಟ್ಟಿದ ದೋಷದ ಅಂದಾಜನ್ನು ವ್ಯಕ್ತಿಯೊಳಗಿನ ಬದಲಾವಣೆಗೆ ಹೊದಿಸುವಂತಿಲ್ಲ, ತಿರುಗಾಮುರುಗಾ ಕೂಡ ಇಲ್ಲ. ಮಿಶ್ರ ಪರಿಣಾಮಗಳ ಮಾದರಿ (ವ್ಯತ್ಯಾಸದ ಹಲವು ಮೂಲಗಳನ್ನು ಬೇರ್ಪಡಿಸುವ ಗಣಿತ ಮಾದರಿ) ಬರೆಯುವಾಗ ವ್ಯಕ್ತಿಗೊಂದು, ಸೆಷನ್ನಿಗೊಂದು ಪದ ಬೇಕಾಗುವುದು ಇದಕ್ಕೇ.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಮಿಡ್‌ನೈಟ್ ಸ್ಕ್ಯಾನ್ ಕ್ಲಬ್’ ಈ ಮಾತನ್ನು ಹತ್ತು ಜನರಿಗೆ ವಿಸ್ತರಿಸಿತು. ನಡುರಾತ್ರಿಯ ನಂತರ ಸ್ಕ್ಯಾನರ್‌ನ ಬಾಡಿಗೆ ಕಡಿಮೆ, ಹೆಸರು ಬಂದದ್ದು ಅಲ್ಲಿಂದ. ಪ್ರತಿಯೊಬ್ಬರಿಗೂ ಹತ್ತು ಸೆಷನ್, ಪ್ರತಿ ಸೆಷನ್ನಿನಲ್ಲಿ ಅರ್ಧ ಗಂಟೆ ವಿಶ್ರಾಂತ ಸ್ಕ್ಯಾನ್, ಒಟ್ಟು ಒಬ್ಬೊಬ್ಬರಿಗೆ ಐದು ಗಂಟೆ. ಒಬ್ಬರ ದತ್ತಾಂಶವನ್ನು ಹೆಚ್ಚಿನ ಅಲುಗಾಟ ಮತ್ತು ನಿದ್ದೆಯ ಕಾರಣಕ್ಕೆ ಹಲವು ವಿಶ್ಲೇಷಣೆಗಳಿಂದ ಹೊರಗಿಡಬೇಕಾಯಿತು, ನಡುರಾತ್ರಿಯಲ್ಲಿ ಅಚ್ಚರಿಯೇನಿಲ್ಲ. ಕ್ಯಾಟರೀನಾ ಗ್ರ್ಯಾಟನ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಒಡೆದು ನೋಡಿದಾಗ, ಎಲ್ಲರಿಗೂ ಸಮಾನವಾದ ರಚನೆ ಮತ್ತು ವ್ಯಕ್ತಿಯ ಸ್ವಂತ ಛಾಪು ಇವೆರಡೇ ದೊಡ್ಡವು. ಮಾಡುತ್ತಿದ್ದ ಕೆಲಸದ ಮತ್ತು ದಿನದ ಪರಿಣಾಮಗಳು ಬಹಳ ಚಿಕ್ಕವು ಎಂದು ಕಂಡಿತು.

ಮೈಕನೆಕ್ಟೋಮ್‌ನ ಮಂಗಳವಾರ–ಗುರುವಾರದ ಅಂತರ ಇದಕ್ಕೆ ಎದುರಾಗಿ ನಿಂತಂತೆ ಕಾಣಬಹುದು. ನಿಜದಲ್ಲಿ ಇಲ್ಲ. ಮಿಡ್‌ನೈಟ್ ಸ್ಕ್ಯಾನ್ ಕ್ಲಬ್‌ನಲ್ಲಿ ಹೊತ್ತು ಒಂದೇ, ದೇಹಸ್ಥಿತಿಯನ್ನು ಉದ್ದೇಶಪೂರ್ವಕವಾಗಿ ಯಾರೂ ಬದಲಿಸಲಿಲ್ಲ. ದಿನದ ಪರಿಣಾಮ ಚಿಕ್ಕದಾದದ್ದು ದಿನಗಳನ್ನು ಒಂದೇ ರೀತಿ ಇಟ್ಟದ್ದರಿಂದಲೂ ಇರಬಹುದು. ದಿನಕ್ಕೆ ತನ್ನದೇ ಆದ ಪರಿಣಾಮವಿಲ್ಲ. ದಿನದೊಳಗೆ ಏನನ್ನು ತುಂಬುತ್ತೇವೆಯೋ ಅದಕ್ಕಿದೆ.

ಬೇಕೆಂದೇ ತುಂಬಿದ ಪ್ರಯೋಗ 2020ರಲ್ಲಿ ಬಂತು. ಡಿಲನ್ ನ್ಯೂಬೋಲ್ಡ್, ನಿಕೊ ಡೋಸೆನ್‌ಬಾಕ್ ಮತ್ತು ಸಂಗಡಿಗರು ಮೂವರ ಬಲಗೈಗೆ ಎರಡು ವಾರ ಮೂಳೆ ಮುರಿದಾಗ ಹಾಕುವಂಥ ಗಟ್ಟಿ ಕಟ್ಟು ಹಾಕಿ, ಕಟ್ಟಿಗೆ ಮೊದಲು, ಕಟ್ಟು ಇದ್ದಾಗ ಮತ್ತು ಬಿಚ್ಚಿದ ಮೇಲೆ ದಿನವೂ ಅರ್ಧ ಗಂಟೆ ಸ್ಕ್ಯಾನ್ ಮಾಡಿದರು. ಡೋಸೆನ್‌ಬಾಕ್ ತಾವೇ ಆ ಮೂವರಲ್ಲಿ ಒಬ್ಬರು. ಕಟ್ಟು ಹಾಕಿದ ಎರಡು ದಿನಗಳಲ್ಲೇ ಆ ಕೈಯ ಚಾಲಕ ಪ್ರದೇಶ ಮಿಕ್ಕ ಚಾಲಕ ಜಾಲದಿಂದ ಕಳಚಿಕೊಳ್ಳತೊಡಗಿತು, ಬಿಚ್ಚಿದ ಮೇಲೆ ಕೆಲವೇ ದಿನಗಳಲ್ಲಿ ಮರಳಿ ಸೇರಿತು. ಇಲ್ಲಿ ಸೆಷನ್‌ಗಳ ಕೋಷ್ಟಕ ನೋಡಿದರೆ ಬದಲಾವಣೆ ಯಾವ ದಿನ ಶುರುವಾಗಬೇಕು, ಯಾವ ದಿನ ಹಿಂತಿರುಗಬೇಕು ಎಂಬುದು ಮುಂಚಿತವಾಗಿಯೇ ಗೊತ್ತು. ವಾರದ ದಿನ, ಯಂತ್ರದ ಜಾರುವಿಕೆ, ನಿದ್ದೆ, ಇವು ಯಾವುವೂ ಆ ಏರಿಳಿತವನ್ನು ತಾವಾಗಿ ಅನುಕರಿಸಲಾರವು. ಬದಲಾವಣೆ ಒಂದು ಕೈಯ ಪ್ರದೇಶಕ್ಕೆ ಸೀಮಿತವಾಗಿ, ಇನ್ನೊಂದು ಕೈಯದ್ದು ಹೋಲಿಕೆಗೆ ಪಕ್ಕದಲ್ಲೇ ಇದ್ದದ್ದು ಇನ್ನೊಂದು ಬಲ.

ಕಾಫಿಯ ಪ್ರಶ್ನೆಗೂ ಇಂಥದ್ದೇ ವಿನ್ಯಾಸ ಸಾಧ್ಯ. ನಾಲ್ಕು ಬಗೆಯ ಬೆಳಗುಗಳು: ತಿಂಡಿ ಮತ್ತು ಕಾಫಿ, ತಿಂಡಿ ಮಾತ್ರ, ಕಾಫಿ ಮಾತ್ರ, ಎರಡೂ ಇಲ್ಲ. ಯಾವ ದಿನ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು, ರಕ್ತ ತೆಗೆಯುವುದಿದ್ದರೆ ಎಲ್ಲ ದಿನವೂ ತೆಗೆಯುವುದು. ಕಣ್ಣು ತೆರೆದಿಟ್ಟು ಕ್ಯಾಮೆರಾದಿಂದ ಎಚ್ಚರವನ್ನು ದಾಖಲಿಸುವುದು, ರಕ್ತದ ಹರಿವನ್ನು ಅಳೆಯುವ ಒಂದು ಸ್ಕ್ಯಾನ್ ಪ್ರತಿ ಸಲವೂ ಸೇರಿಸುವುದು. ಕೆಫೀನ್ ಇಲ್ಲದ ಕಾಫಿಯನ್ನು ಮರೆಮಾಚಿ ಕೊಟ್ಟರೆ ನಿರೀಕ್ಷೆಯ ಪಾಲೂ ಹೊರಬೀಳುತ್ತದೆ. ದಿನವೂ ಕಾಫಿ ಕುಡಿಯುವವರ ಮಟ್ಟಿಗೆ ಒಂದು ತೊಡಕು ಆಗಲೂ ಉಳಿಯುತ್ತದೆ: ಕಾಫಿ ಇಲ್ಲದ ಬೆಳಗು ಅವರಿಗೆ ಮೂಲಸ್ಥಿತಿಯಲ್ಲ, ಹಿಂತೆಗೆತದ ಸ್ಥಿತಿ. ಕಾಫಿ ಕುಡಿಯದವರನ್ನೂ ಇದೇ ನಾಲ್ಕು ಬೆಳಗುಗಳಲ್ಲಿ ಮಲಗಿಸದೆ ಅದು ಬಗೆಹರಿಯುವುದಿಲ್ಲ.